ಕೊಡಲಾರೆ ಮತ್ತು ಕೊಡಲೊಲ್ಲೆ

ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ವಾರ ದೀರ್ಘವಾದ ಪತ್ರ ಬರೆದಿದ್ದಾನೆ. ಬಾಸ್ಟನ್ನಿನ ರೆಡ್ ಸಾಕ್ಸ್ ಬೇಸ್‌ಬಾಲ್ ತಂಡ 2020ರ ಫೆಬ್ರವರಿಯಲ್ಲಿ ತನ್ನ ಶ್ರೇಷ್ಠ ಆಟಗಾರ ಮೂಕಿ ಬೆಟ್ಸ್ ಅವರನ್ನು ಲಾಸ್ ಏಂಜಲೀಸಿನ ಡಾಡ್ಜರ್ಸ್ ತಂಡಕ್ಕೆ ಬಿಟ್ಟುಕೊಟ್ಟದ್ದನ್ನು ನಾನು ಹಿಂದೊಮ್ಮೆ ಹಳಿದಿದ್ದೆ. ಅದಕ್ಕೆ ಅವನ ಆಕ್ಷೇಪವಿದು: "ಸರ್, ಅವರು ಕೇಳಿದಷ್ಟು ಹಣ ಕೊಡಲಾರದೆ ಬಿಟ್ಟರು. ಹೇಗೂ ಹೋಗುವವನನ್ನು ಬರಿಗೈಯಲ್ಲಿ ಕಳುಹಿಸುವುದಕ್ಕಿಂತ, ಬದಲಿಗೆ ಕೆಲವರನ್ನು ಪಡೆಯುವುದು ವಿವೇಕವಲ್ಲವೇ?"

ಈ ಆಟವನ್ನರಿಯದ ಬಂಧುಗಳಿಗಾಗಿ ಎರಡು ಮಾತು. ದೊಡ್ಡ ಲೀಗಿನಲ್ಲಿ ಆರು ವರ್ಷಗಳ ಸೇವೆ ಮುಗಿದ ಆಟಗಾರ, ಒಪ್ಪಂದವಿಲ್ಲದಿದ್ದರೆ ಸ್ವತಂತ್ರ. ಇಷ್ಟಬಂದ ತಂಡ ಸೇರಬಹುದು. ಹಾಗೆ ಹೋದರೆ ಹಳೆಯ ತಂಡಕ್ಕೆ ಹೆಚ್ಚೇನೂ ದಕ್ಕದು. ಆದ್ದರಿಂದ ಒಂದೆರಡು ವರ್ಷ ಮೊದಲೇ ಅವನನ್ನು ಕೊಟ್ಟು ಎಳೆಯ ಆಟಗಾರರನ್ನು ಪಡೆಯುವ ರೂಢಿಯುಂಟು.

ಈ ರೂಢಿಯೇ ತಪ್ಪೆಂದು ನಾನು ಹೇಳುವುದಿಲ್ಲ. ಟ್ಯಾಂಪಾ ಬೇ ರೇಸ್ ಬಡ ತಂಡ. 2014ರ ಜುಲೈಯಲ್ಲಿ ಅದು ತನ್ನ ಹೆಮ್ಮೆಯ ಪಿಚರ್ ಡೇವಿಡ್ ಪ್ರೈಸ್ ಅವರನ್ನು ಬಿಟ್ಟುಕೊಟ್ಟಿತು. ಪ್ರತಿಯಾಗಿ ಬಂದವರಲ್ಲಿ ವಿಲ್ಲಿ ಅಡಾಮೆಸ್ ಎಂಬ ಹದಿನೆಂಟರ ಹುಡುಗನೂ ಇದ್ದ. ಮರುವರ್ಷದ ಕೊನೆಯಲ್ಲಿ ಅದೇ ಪ್ರೈಸ್ ಅವರಿಗೆ ಏಳು ವರ್ಷಕ್ಕೆ 21.7 ಕೋಟಿ ಡಾಲರ್ ಕೊಟ್ಟು ಕರೆದೊಯ್ದವರು ಯಾರು? ಇದೇ ರೆಡ್ ಸಾಕ್ಸ್! ಟ್ಯಾಂಪಾದ ಕೈಗೆ ಎಟುಕದ್ದು ಬಾಸ್ಟನ್ನಿನ ಕೈಗೆ ಎಟುಕಿತ್ತು.

ನಿಮಗೆಲ್ಲ ವ್ಯಾಕರಣ ಹೇಳಿಕೊಟ್ಟವನು ನಾನು. 'ಕೊಡಲಾರೆ' ಎಂದರೆ ಶಕ್ತಿಯಿಲ್ಲ. 'ಕೊಡಲೊಲ್ಲೆ' ಎಂದರೆ ಮನಸ್ಸಿಲ್ಲ. 2018ರಲ್ಲಿ ಇಡೀ ಲೀಗಿನಲ್ಲೇ ಅತ್ಯಧಿಕ ಸಂಬಳ ತೆತ್ತು, 108 ಪಂದ್ಯ ಗೆದ್ದು, ವಿಶ್ವ ಸರಣಿಯನ್ನೂ ಗೆದ್ದ ತಂಡ 'ಕೊಡಲಾರೆ' ಎನ್ನಬಹುದೇ? ಸಂಬಳದ ಮೊತ್ತ ಮಿತಿ ಮೀರಿದರೆ ತೆರಿಗೆಯುಂಟು, ನಿಜ. 2020ರಲ್ಲಿ ಆ ಮಿತಿ 20.8 ಕೋಟಿ ಡಾಲರ್. ಆದರೆ ತೆರಿಗೆ ಬೀಳುವುದು ಮಿತಿ ಮೀರಿದ ಭಾಗದ ಮೇಲೆ ಮಾತ್ರ. ಅದನ್ನು ತಪ್ಪಿಸಿಕೊಳ್ಳಲು ಬೆಟ್ಸ್ ಅವರ ಜೊತೆಗೆ ಪ್ರೈಸ್ ಅವರನ್ನೂ ಕಳುಹಿಸಿದರು. ಪ್ರತಿಯಾಗಿ ಬಂದವರು ಮೂವರು. ಅವರಲ್ಲಿ ಜೀಟರ್ ಡೌನ್ಸ್ 2022ರ ಡಿಸೆಂಬರಿನಲ್ಲೂ, ಅಲೆಕ್ಸ್ ವೆರ್ಡೂಗೋ 2023ರ ಡಿಸೆಂಬರಿನಲ್ಲೂ ಬಾಸ್ಟನ್ ಬಿಟ್ಟು ಹೊರಟರು.

"ಬೆಟ್ಸ್ ಬಾಸ್ಟನ್ನಿನ ಒಪ್ಪಂದಗಳನ್ನು ಒಪ್ಪಿರಲಿಲ್ಲ, ಸ್ವತಂತ್ರನಾಗಿಯೇ ತೀರುತ್ತಿದ್ದ" ಎನ್ನುತ್ತಾನೆ ನನ್ನ ಶಿಷ್ಯ. ಹಾಗಾಗಲೇ ಇಲ್ಲವಲ್ಲ! 2020ರ ಜುಲೈಯಲ್ಲಿ, ಸ್ವತಂತ್ರರಾಗುವ ಮೊದಲೇ, ಅವರು ಡಾಡ್ಜರ್ಸ್ ಜೊತೆ 12 ವರ್ಷಕ್ಕೆ 36.5 ಕೋಟಿ ಡಾಲರಿನ ಒಪ್ಪಂದಕ್ಕೆ ಸಹಿ ಹಾಕಿದರು. ಮಹಾಮಾರಿಯ ಆ ದಿನಗಳಲ್ಲಿ ಮನಸ್ಸು ಬದಲಾಗಿರಬಹುದು. ಆದರೆ ಬದಲಾದ ಹೊತ್ತಿನಲ್ಲಿ ಎದುರು ಕುಳಿತಿದ್ದವರು ಡಾಡ್ಜರ್ಸ್ ತಂಡದವರು. ಹೋಗಿಯೇ ಹೋಗುತ್ತಾನೆಂದು ಬಾಗಿಲು ತೆರೆದವರಿಗೆ ಆ ಅವಕಾಶವಿರಲಿಲ್ಲ.

ಶೋಹೇ ಓಟಾನಿಯವರ ಉದಾಹರಣೆಯನ್ನೂ ಅವನು ಕೊಟ್ಟಿದ್ದಾನೆ. 2023ರಲ್ಲಿ ಏಂಜಲ್ಸ್ ತಂಡ ಅವರನ್ನು ಮಾರದೆ ಉಳಿಸಿಕೊಂಡಿತು. ಡಿಸೆಂಬರಿನಲ್ಲಿ ಅವರು 70 ಕೋಟಿ ಡಾಲರಿಗೆ ಡಾಡ್ಜರ್ಸ್ ಸೇರಿದರು. ಏಂಜಲ್ಸ್ ಸೋತದ್ದು ಮಾರದ್ದರಿಂದಲ್ಲ. ಓಟಾನಿ ಅಲ್ಲಿದ್ದ ಆರು ವರ್ಷಗಳಲ್ಲಿ ಒಂದು ವರ್ಷವೂ ಸೋಲಿಗಿಂತ ಹೆಚ್ಚು ಗೆಲುವು ಕಾಣುವ ತಂಡ ಕಟ್ಟಲಿಲ್ಲ. ಉಳಿಯಲು ಕಾರಣವೇ ಇಲ್ಲದಂತೆ ಮಾಡಿ, ಹೊರಟವನ ಬೆಲೆ ಎಣಿಸಿದರೆ ಏನು ಫಲ?

2020ರ ವಿಶ್ವ ಸರಣಿಯಲ್ಲಿ ಎದುರಾದವರು ರೇಸ್ ಮತ್ತು ಡಾಡ್ಜರ್ಸ್. ಒಂದು ಕಡೆ, ಕೊಡಲಾರದೆ ಮಾಡಿದ ವಿನಿಮಯದ ಫಲವಾಗಿ ಶಾರ್ಟ್‌ಸ್ಟಾಪ್ ಸ್ಥಾನದಲ್ಲಿ ಅಡಾಮೆಸ್. ಇನ್ನೊಂದು ಕಡೆ, ಕೊಡಲೊಲ್ಲದವರು ಕಳೆದುಕೊಂಡ ಬೆಟ್ಸ್. ಕೊನೆಯ ಪಂದ್ಯದಲ್ಲಿ ಬೆಟ್ಸ್ ಹೋಮ್ ರನ್ ಹೊಡೆದರು, ಡಾಡ್ಜರ್ಸ್ ಗೆದ್ದಿತು. ಆ ವರ್ಷ ರೆಡ್ ಸಾಕ್ಸ್ 24 ಗೆದ್ದು 36 ಸೋತು, ತನ್ನ ವಿಭಾಗದಲ್ಲಿ ಕೊನೆಯ ಸ್ಥಾನಕ್ಕಿಳಿಯಿತು. ಮರುವರ್ಷ ಚೇತರಿಸಿಕೊಂಡದ್ದನ್ನು ಒಪ್ಪುತ್ತೇನೆ.

2019ರ ಬೇಸಿಗೆಯಲ್ಲಿ ಮಗಳ ಮನೆಯಲ್ಲಿದ್ದಾಗ, ಎಂಟು ವರ್ಷದ ಮೊಮ್ಮಗ ನನ್ನನ್ನು ಫೆನ್‌ವೇ ಪಾರ್ಕಿಗೆ ಕರೆದೊಯ್ದಿದ್ದ. ಮೈಮೇಲೆ ಬೆಟ್ಸ್ ಅವರ 50ನೆಯ ಸಂಖ್ಯೆಯ ಅಂಗಿ. ಆಟದ ನಿಯಮಗಳನ್ನೆಲ್ಲ ನನಗೆ ಕಲಿಸಿದ ಗುರು ಅವನೇ. ಮುಂದಿನ ಫೆಬ್ರವರಿಯಲ್ಲಿ ಫೋನಿನಲ್ಲಿ ಕೇಳಿದ: "ತಾತ, ಬೆಟ್ಸ್ ಇಲ್ಲೇ ಬೆಳೆದವನಲ್ಲವಾ? ಯಾಕೆ ಕಳಿಸಿಬಿಟ್ಟರು?" ಬಡತನದಿಂದ ಕಳಿಸಿದರೆಂದಿದ್ದರೆ ಮಗು ಅರ್ಥಮಾಡಿಕೊಳ್ಳುತ್ತಿತ್ತು. ಆದರೆ ಅದು ಸುಳ್ಳಾಗುತ್ತಿತ್ತು. ನಿಜ ಹೇಳಲು ನನಗೆ ಬಾಯಿ ಬರಲಿಲ್ಲ. ಆ ಅಂಗಿಯನ್ನು ಅವನು ಮತ್ತೆ ತೊಡಲಿಲ್ಲವೆಂದು ಮಗಳು ಹೇಳಿದಳು.

ಆದ್ದರಿಂದ, ಪ್ರಿಯ ಶಿಷ್ಯನೇ, ನಿನ್ನ ಲೆಕ್ಕ ಟ್ಯಾಂಪಾಕ್ಕೆ ಸರಿ, ಬಾಸ್ಟನ್ನಿಗೆ ಸಲ್ಲದು. ನಿನ್ನ ಪತ್ರದ ಎರಡನೆಯ ವಾಕ್ಯದಲ್ಲಿ 'ಕೊಡಲಾರದೆ' ಎಂಬಲ್ಲಿ ಕೆಂಪು ಶಾಯಿಯ ಗೆರೆ ಎಳೆದಿದ್ದೇನೆ. ತಿದ್ದಿ ಮತ್ತೊಮ್ಮೆ ಕಳುಹಿಸು.