ಬೆಳ್ಳಗಿರೋದೆಲ್ಲ ಹತ್ತಿಯಲ್ಲ!

ಮೊನ್ನೆ ಮುಧೋಳದಲ್ಲಿ ಗೆಳೆಯನ ಮನೆಗೆ ಊಟಕ್ಕೆ ಹೋಗಿದ್ದೆ. ಯಾವುದೋ ವಿಡಿಯೋ ನೋಡಿ ಕುರಿಯ ತೊಡೆಯ ಎಲುಬು ಬಿಡಿಸಿ, ಒಳಗೆ ಮಸಾಲೆ ತುಂಬಿ, ಸುತ್ತಿ, ದಾರದಿಂದ ಬಿಗಿದು ಕೆಂಡದ ಮೇಲೆ ಸುಟ್ಟಿದ್ದ. ಘಮ ಓಣಿಗೆಲ್ಲ ಹರಡಿತ್ತು. ಎರಡನೇ ತುತ್ತಿಗೇ ಅವನ ಮಗಳು "ಅಪ್ಪಾ, ಕಲ್ಲ ಬಂತು" ಅಂತ ಉಗುಳಿದಳು. ನೋಡಿದರೆ ಕಲ್ಲಲ್ಲ, ದಾರ ಕರಗಿ ಗಟ್ಟಿಯಾದ ಕರಿ ಗುಂಡು.

"ಯಾವ ದಾರ ಕಟ್ಟೀಯಲೇ?"

"ಹೊಲಿಗಿ ಮಷೀನಿಂದು, ಬಿಳಿ ರೀಲು. ದಾರ ಅಂದ್ರ ದಾರ, ಅದರಾಗೇನೈತಿ?"

ಅದರಾಗ ಭಾಳ ಐತಿ ಮಾರಾಯ! ಈಗ ಹೊಲಿಗೆ ರೀಲು ಅಂದರೆ ಹೆಚ್ಚಿನಂಶ ಪಾಲಿಯೆಸ್ಟರ್. ಅದು 250-260 ಡಿಗ್ರಿಗೆ ಕರಗುತ್ತೆ, ಕೆಂಡದ ಕಾವು ಅದನ್ನು ಸಲೀಸಾಗಿ ದಾಟುತ್ತೆ. ಅಂಗಡಿಯ ಪ್ಲಾಸ್ಟಿಕ್ ಸುತಳಿ ಇನ್ನೂ ಅಧ್ವಾನ. ಅದು ಪಾಲಿಪ್ರೊಪಿಲೀನ್ ಆದರೆ 165ರ ಆಸುಪಾಸಿಗೇ ಕರಗಿತು, ಅಂದರೆ ಕಾದ ಎಣ್ಣೆಯೇ ಸಾಕು. ಹತ್ತಿ ಕರಗೋದೇ ಇಲ್ಲ. ಹೆಚ್ಚೆಂದರೆ ಸುಟ್ಟು ಕರ್ರಗಾಗುತ್ತೆ, ಅಷ್ಟೇ.

ಇದನ್ನು ಬೆಂಗಳೂರಿನ ಆಫೀಸಿನಲ್ಲಿ ಹೇಳಿದರೆ ಸಿಕ್ಕ ಪರಿಹಾರ ಏನು ಗೊತ್ತಾ? "ಆನ್‌ಲೈನಲ್ಲಿ ಫಾರಿನ್ ಕಿಚನ್ ಟ್ವೈನ್ ಸಿಗತ್ತೆ, ತರಿಸ್ಕೋ." ನೋಡಿದೆ. ಮುನ್ನೂರೈವತ್ತು ರೂಪಾಯಿಗೆ ಒಂದು ಉಂಡೆ. ಏನದು? ಬಣ್ಣ ಹಾಕದ ಹತ್ತಿಯ ಹುರಿ! ರಬಕವಿ-ಬನಹಟ್ಟಿಯವನು ಕೊರಿಯರಿನಲ್ಲಿ ಹತ್ತಿ ನೂಲು ತರಿಸೋದು, ಮುಧೋಳದವನು ಬೆಲ್ಲ ತರಿಸಿದ ಹಾಗೆ. ನಾಚಿಕೆ ಬೇಡವೇ?

ಹಾಗಂತ "ನಮ್ಮೂರ ನೂಲು" ಅಂತ ಎದೆ ತಟ್ಟಿಕೊಂಡು ಮಗ್ಗದ ಕೆಳಗೆ ಬಿದ್ದ ತುಂಡು ಎತ್ತಿಕೊಂಡು ಬರುವ ಅಭಿಮಾನಿಗಳಿಗೂ ನನ್ನ ವಿರೋಧವಿದೆ. ಹಾಸಿನ ನೂಲಿಗೆ ಗಂಜಿ ಇರುತ್ತೆ, ಗಂಜಿಯ ಜೊತೆ ಮೇಣ-ಗೀಣ ಸೇರಿರಬಹುದು. ಹೊಕ್ಕಿನದಕ್ಕೆ ಬಣ್ಣ. ನೆಲದ ಮೇಲಿನದಕ್ಕೆ ಮಷೀನಿನ ಎಣ್ಣೆ. ಪವರ್‌ಲೂಮಿನ ಎಲ್ಲ ನೂಲೂ ಹತ್ತಿಯದೇ ಅನ್ನೋ ಕಾಲವೂ ಹೋಯಿತು.

"ಹಿಂದಿನವರು ಗೋಣಿಚೀಲದ ಸುತಳೀನೇ ಕಟ್ಟತಿದ್ರು" ಅನ್ನುವವರೂ ಇದ್ದಾರೆ. ಆ ಸುತಳಿ ಮೂಸಿ ನೋಡಿದ್ದೀರಾ? ಸೆಣಬನ್ನು ಮೆತ್ತಗೆ ಮಾಡಲು ಗಿರಣಿಯಲ್ಲಿ ಎಣ್ಣೆ ಹಾಕುತ್ತಾರೆ, ಅದು ಎಷ್ಟೋ ಸಲ ಖನಿಜ ತೈಲವೇ. ಆ ವಾಸನೆ ಮಾಂಸಕ್ಕೂ ಇಳಿಯುತ್ತೆ. ಕಟ್ಟಡದ ಬೈಂಡಿಂಗ್ ತಂತಿಯ ಮಾತಂತೂ ಎತ್ತಲೇಬೇಡಿ.

ಮತ್ತೇನು ಮಾಡೋದು? ಕೆಲಸ ಬಹಳ ಸರಳ. ಬಣ್ಣ ಹಾಕದ, ಗಂಜಿ ಮಾಡದ ಹತ್ತಿ ನೂಲಿನ ಲಡಿ ಕೇಳಿ ತನ್ನಿ. ಒಂದು ಎಳೆಗೆ ಬೆಂಕಿ ಹಚ್ಚಿ. ಕಾಗದ ಸುಟ್ಟ ವಾಸನೆ ಬಂದು ಮೆತ್ತಗಿನ ಬೂದಿಯಾದರೆ ಹತ್ತಿ. ಮುದುಡಿ ಗಟ್ಟಿ ಮಣಿಯಾದರೆ ತಿಪ್ಪೆಗೆ ಎಸೆಯಿರಿ. ಒಂದೇ ಎಳೆ ಕಟ್ಟಿದರೆ ಹರಿಯುತ್ತೆ, ಇಲ್ಲಾ ಮಾಂಸವನ್ನೇ ಕೊಯ್ಯುತ್ತೆ. 20 ನಂಬರಿನ ನೂಲಾದರೆ ಹದಿನಾರು ಎಳೆ ಕೂಡಿಸಿ ಹೊಸೆಯಿರಿ, ಹೆಚ್ಚುಕಡಿಮೆ ಒಂದು ಮಿಲಿಮೀಟರ್ ದಪ್ಪದ ಹುರಿ ಸಿದ್ಧ. ಬಿಸಿನೀರಲ್ಲಿ ಕುದಿಸಿ, ಹಸಿಯಾಗಿದ್ದಾಗಲೇ ಕಟ್ಟಿ. ಎಷ್ಟು ಗಂಟು ಹಾಕಿದಿರೋ ಎಣಿಸಿಟ್ಟುಕೊಂಡು, ಬಡಿಸುವ ಮುಂಚೆ ಅಷ್ಟನ್ನೂ ಬಿಚ್ಚಿ.

ನೂಲು ಸಿಗದಿದ್ದರೆ ಕೃಷ್ಣೆಯ ದಂಡೆಯ ಜಮಖಂಡಿ, ಬೀಳಗಿ ಕಡೆ ಬಾಳೆ ಸಿಗದೇ ಇರುತ್ತಾ? ಅದರ ನಾರು ತೊಳೆದು ನೆನೆಸಿದರೆ ಎಸರಿನಲ್ಲಿ ಬೇಯಿಸುವುದಕ್ಕೆ ಸಾಕು (ಕೆಂಡಕ್ಕೆ ಬೇಡ, ಸುಟ್ಟುಹೋಗುತ್ತೆ). ಪುಂಡಿಯಂತೂ ನಮ್ಮದೇ. ಎಲೆ ಪಲ್ಯಕ್ಕೆ, ಕಾಂಡದ ನಾರು ಹಗ್ಗಕ್ಕೆ. ಅದೂ ಆಗದಿದ್ದರೆ ಎರಡು ಸ್ಟೀಲಿನ ಕಡ್ಡಿ ಚುಚ್ಚಿ, ದಾರದ ಗೊಡವೆಯೇ ಇಲ್ಲ.

ನನಗೆ ಸಿಟ್ಟು ಬರೋದು ಕರಗಿದ ಆ ದಾರಕ್ಕಲ್ಲ. ಗೆಳೆಯನ ಅಜ್ಜ ನೇಕಾರ. ಬೆರಳಲ್ಲಿ ಮುಟ್ಟಿಯೇ ಇದು ಯಾವ ನೂಲು ಅಂತ ಹೇಳುತ್ತಿದ್ದ ಮನೆಯಲ್ಲಿ, ಎರಡೇ ತಲೆಮಾರಿಗೆ "ದಾರ ಅಂದ್ರ ದಾರ" ಅನ್ನೋ ಮಾತು ಬಂತಲ್ಲ, ಅದಕ್ಕೆ. ನಾನೇನು ಕಡಿಮೆ? ನನಗೂ ಗೊತ್ತಾಗಿದ್ದು ಆ ಮಗು ಉಗುಳಿದ ಮೇಲೆಯೇ :-)

ಇವತ್ತು ನಿಮ್ಮ ಮನೆಯ ಬಿಳಿ ರೀಲಿನ ಒಂದು ಎಳೆ ಸುಟ್ಟು ನೋಡಿ. ಬೂದಿಯೋ, ಮಣಿಯೋ? ಬಂದು ಹೇಳ್ತೀರಲ್ಲ?