ಮ್ಯೂಸಿಯಂ ಬೇಕಾದದ್ದು ಹುಣಸಗಿಗೆ

ಹೊಸ ಪ್ರವಾಸೋದ್ಯಮ ನೀತಿಯ (2024–29) ನೆಪದಲ್ಲಿ ಯಾದಗಿರಿ ಜಿಲ್ಲೆಗೆ ಏನು ಬೇಕೆಂದು ಕೇಳಿ ನೋಡಿ, ಉತ್ತರ ಸಿದ್ಧವಾಗಿರುತ್ತದೆ. ಸುರಪುರದಲ್ಲಿ ಬ್ರಿಟಿಷ್ ಅಧಿಕಾರಿ ಟೇಲರ್ ಇದ್ದ ಬಂಗಲೆ ‘ಟೇಲರ್ ಮಂಜಿಲ್’ ಮ್ಯೂಸಿಯಂ ಆಗಲಿ, ಶಹಾಪುರದ ಮಲಗಿದ ಬುದ್ಧನ ಎದುರು ಸೆಲ್ಫಿಗೊಂದು ಕಟ್ಟೆ ಏಳಲಿ, ಯಾದಗಿರಿ ಕೋಟೆಗೆ ದೀಪ ಬರಲಿ. ಮೂರೂ ಆಗಲಿ, ತಕರಾರಿಲ್ಲ. ಆದರೆ ಜಿಲ್ಲೆಗೆ ಒಂದೇ ಮ್ಯೂಸಿಯಂ ಎನ್ನುವುದಾದರೆ ಅದು ಹುಣಸಗಿಯಲ್ಲೇ ಆಗಬೇಕು. ಅಲ್ಲಿಯೂ ಗಾಜಿನ ಕಪಾಟಿಗಿಂತ ಮೊದಲು ಬರಬೇಕಾದದ್ದು ಸಂಶೋಧಕರು ಕೂತು ಕೆಲಸ ಮಾಡುವ ಮೇಜು, ಕಲ್ಲು ತೊಳೆದು ಒಣಹಾಕುವ ಅಂಗಳ, ಭದ್ರವಾಗಿ ಬೀಗ ಬೀಳುವ ಕೋಣೆ.

ಕಾರಣ ಒಂದೇ ಅಂಕಿ: 12 ಲಕ್ಷ ವರ್ಷ. ಹುಣಸಗಿ ಪಕ್ಕದ ಇಸಾಂಪುರದಲ್ಲಿ ಸುಣ್ಣಕಲ್ಲಿನ ಚಪ್ಪಡಿ ಎಬ್ಬಿಸಿ ಕೈಗೊಡಲಿ ಮಾಡುತ್ತಿದ್ದವರ ಕಾಲವದು. ಅಲ್ಲಿ ಸಿಕ್ಕ ಪ್ರಾಣಿಗಳ ಹಲ್ಲಿನ ಎನಾಮಲ್ ಪರೀಕ್ಷಿಸಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಮತ್ತು ಸಂಗಡಿಗರು 2002ರಲ್ಲಿ ‘ಕರೆಂಟ್ ಸೈನ್ಸ್’ನಲ್ಲಿ ಇದನ್ನು ಪ್ರಕಟಿಸಿದರು. ನಮ್ಮ ಭಾಷಣಗಳಲ್ಲಿ ಮಾತ್ರ ಜಿಲ್ಲೆಯ ಚರಿತ್ರೆ ಇಂದಿಗೂ ಸುರಪುರದ ನಾಯಕರಿಂದಲೇ ಶುರುವಾಗುತ್ತದೆ.

ಬೆರಳೆಣಿಕೆಯ ಹಲ್ಲು ನಂಬಿ ಅಷ್ಟು ದೊಡ್ಡ ಮಾತೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ್ದೇ. ತಮಿಳುನಾಡಿನ ಅತ್ತಿರಂಪಾಕ್ಕಂಗೆ 2011ರಲ್ಲಿ ಸುಮಾರು 15 ಲಕ್ಷ ವರ್ಷದ ಕಾಲ ಸಿಕ್ಕ ಮೇಲೆ ಇಸಾಂಪುರದ ಅಂಕಿ ಯಾರನ್ನೂ ಅಷ್ಟಾಗಿ ಬೆಚ್ಚಿಬೀಳಿಸುವುದಿಲ್ಲ. ಆದರೂ ಅನುಮಾನ ತೀರಬೇಕಾದರೆ ಮತ್ತೆ ಅಗೆಯಬೇಕು, ಹೊಸ ವಿಧಾನದಲ್ಲಿ ಕಾಲ ಅಳೆಯಬೇಕು. ಅದಕ್ಕೆ ಮುಟ್ಟದ ಮಣ್ಣು ಉಳಿದಿರಬೇಕಲ್ಲ? ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಜೋಳದ ಹೊಲಗಳನ್ನು ಜೆಸಿಬಿಯಿಂದ ಮಟ್ಟ ಮಾಡಿ ಭತ್ತದ ಗದ್ದೆಗಳಾಗಿಸಲಾಗಿದೆ, ಕಲ್ಲಿದ್ದ ಮಣ್ಣೂ ಕದಡಿಹೋಗಿದೆ. ರೈತನನ್ನು ದೂರಿ ಫಲವಿಲ್ಲ. ಮಟ್ಟ ಮಾಡದ ಹೊಲದಲ್ಲಿ ಭತ್ತಕ್ಕೆ ನೀರು ನಿಲ್ಲದು.

ಪದ್ದಯ್ಯ ಈ ಸೀಮೆಗೆ ಮೊದಲು ಬಂದದ್ದು 1960ರ ದಶಕದಲ್ಲಿ, ಸುರಪುರ ದೋಆಬದ ನವಶಿಲಾಯುಗದ ಮೇಲೆ ಪಿಎಚ್‌.ಡಿ. ಮಾಡಲು. ಬಂದವರು ದಶಕಗಳ ಕಾಲ ಬರುತ್ತಲೇ ಇದ್ದರು. ಹುಣಸಗಿ–ಬೈಚಬಾಳ ಕಣಿವೆಯ ಹೊಲ ಹೊಲ ತಿರುಗಿ ಹಳೆಶಿಲಾಯುಗದ ಇನ್ನೂರರಷ್ಟು ನೆಲೆ ಗುರುತಿಸಿದರು, ಬೂದಿಹಾಳದ ಬೂದಿದಿಬ್ಬ ಅಗೆದರು, ಆಮೇಲೆ ಇಸಾಂಪುರ. 2012ರಲ್ಲಿ ಪದ್ಮಶ್ರೀ ಬಂತು. ವಿದ್ವಾಂಸನ ದುಡಿಮೆ ಎಂದರೆ ಹೀಗೆ: ಒಂದು ಋತು ಅಗೆತ, ಅದರ ಬೆನ್ನಿಗೆ ಅದೆಷ್ಟೋ ಕಾಲ ಎಣಿಕೆ, ಅಳತೆ, ಚಿತ್ರ. ಆ ಎರಡನೆಯ ಭಾಗ ಇಲ್ಲಿ ನಡೆಯಲಿಲ್ಲ, ಪುಣೆಯಲ್ಲಿ ನಡೆಯಿತು. ‘ನಮ್ಮ ಕಲ್ಲು ಹೊತ್ತೊಯ್ದರು’ ಎಂದು ಗೊಣಗುವವರು ಹೇಳಲಿ, ಇಟ್ಟುಕೊಳ್ಳಲು ನಾವು ಒಂದು ಕೋಣೆಯನ್ನಾದರೂ ಕೊಟ್ಟಿದ್ದೆವೆ?

ಟೇಲರ್ ಅಭಿಮಾನಿಗಳಿಗೂ ಒಂದು ಮಾತು. ನಿಮ್ಮ ಸಾಹೇಬರು ಸುರಪುರದ ರಾಣಿ ಈಶ್ವರಮ್ಮನೊಡನೆ ಜಗಳವಾಡುತ್ತ, ಕಂದಾಯದ ಲೆಕ್ಕ ನೋಡುತ್ತ, ಬಿಡುವಿನಲ್ಲಿ ಇದೇ ಹುಣಸಗಿ ಸೀಮೆಯ ರಾಜನಕೋಳೂರಿನ ಕಲ್ಗೋರಿಗಳ ವಿವರ ಬರೆದವರು. ಬಂಗಲೆ ನೆನೆಯುವವರಿಗೆ ಆ ಕೆಲಸದ ನೆನಪಿಲ್ಲ.

ಎಲ್ಲರೂ ಮರೆತ ಮೇಲ್ಪಂಕ್ತಿಯೊಂದು ಇದೇ ಕೃಷ್ಣೆಯ ಕೆಳದಂಡೆಯಲ್ಲಿದೆ. ನಾಗಾರ್ಜುನಸಾಗರದಲ್ಲಿ ಅಣೆಕಟ್ಟಿನ ನೀರಿಗೆ ಕಣಿವೆಯೇ ಮುಳುಗುವುದಿತ್ತು. 1954ರಿಂದ 1960ರವರೆಗೆ ಆರ್. ಸುಬ್ರಹ್ಮಣ್ಯಂ ನೇತೃತ್ವದಲ್ಲಿ ಅಲ್ಲಿ ಉತ್ಖನನ ನಡೆಯಿತು. ಶಿಲಾಯುಗದ ಕಲ್ಲಿನಿಂದ ಇಕ್ಷ್ವಾಕುಗಳ ಬೌದ್ಧ ಶಿಲ್ಪದವರೆಗೆ ಸಿಕ್ಕದ್ದನ್ನು, ಮುಂದೆ ನಡುಗಡ್ಡೆಯಾಗಲಿದ್ದ ನಾಗಾರ್ಜುನಕೊಂಡದ ಮೇಲಕ್ಕೆ ಸಾಗಿಸಿದರು. ಸ್ಮಾರಕಗಳನ್ನೇ ಕಳಚಿ ಮರುಜೋಡಿಸಿದರು. ದ್ವೀಪದ ಮ್ಯೂಸಿಯಂ ತೆರೆದದ್ದು 1966ರಲ್ಲಿ, ಇಂದಿರಾ ಗಾಂಧಿ ಕಾಲುವೆಗೆ ನೀರು ಬಿಟ್ಟದ್ದು 1967ರಲ್ಲಿ. ನೀರಿಗಿಂತ ಮೊದಲು ಮ್ಯೂಸಿಯಂ! ದೋಣಿಯಲ್ಲೇ ಹೋಗಬೇಕಾದ ಆ ಜಾಗಕ್ಕೆ ಜನ ಇಂದಿಗೂ ಹೋಗುತ್ತಾರೆ. ‘ಹುಣಸಗಿಗೆ ಯಾರು ಬರುತ್ತಾರೆ’ ಎನ್ನುವ ಅಧಿಕಾರಿಗಳು ಒಮ್ಮೆ ಆ ದೋಣಿ ಹತ್ತಿ ಬರಲಿ.

ನಮ್ಮಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು 1982ರಲ್ಲಿ ಮುಗಿಯಿತು. ಕಣಿವೆ ಮುಳುಗಲಿಲ್ಲ, ನೀರುಂಡಿತು; ಹಾಗಾಗಿ ಯಾರಿಗೂ ಅವಸರವಾಗಲಿಲ್ಲ. ಮುಳುಗುವುದಾದರೆ ಸರ್ಕಾರ ಎಚ್ಚರಗೊಳ್ಳುತ್ತದೆ. ಎಕರೆ ಎಕರೆಯಾಗಿ ಸವೆದುಹೋಗುವುದಕ್ಕೆ ಇಲಾಖೆಯ ಕಡತದಲ್ಲಿ ಕಾಲಂ ಇಲ್ಲ.

ದುಡ್ಡಿಲ್ಲ ಎನ್ನಬೇಡಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಬಜೆಟ್ಟಿನಲ್ಲಿ 5,000 ಕೋಟಿ ಘೋಷಿಸಿದ ರಾಜ್ಯವಿದು. ಯಾದಗಿರಿಯ ಕಾಲೇಜುಗಳು ರಾಯಚೂರಿನ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿವೆ. ಡೆಕ್ಕನ್ ಕಾಲೇಜಿನೊಡನೆ ಒಪ್ಪಂದ ಮಾಡಿಕೊಂಡು ಇಸಾಂಪುರದ ಕಲ್ಲುಗಳ ಒಂದು ಪಾಲನ್ನಾದರೂ ತಂದು, ಹುಣಸಗಿಯ ಮಕ್ಕಳಿಗೆ ಹುಣಸಗಿಯಲ್ಲೇ ಎಂ.ಎ. ಪ್ರಬಂಧ ಬರೆಯುವ ಅವಕಾಶ ಕೊಡಬಹುದು. ಅದಕ್ಕೂ ಮೊದಲಿನ ಕೆಲಸಕ್ಕೆ ಕೋಟಿಗಳೇ ಬೇಕಿಲ್ಲ. ಪದ್ದಯ್ಯ ಗುರುತಿಸಿದ ನೆಲೆಗಳ ಸರ್ವೆ ನಂಬರ್ ಪಟ್ಟಿ ಮಾಡಿ, ಒಂದೊಂದರ ಪಹಣಿಯಲ್ಲೂ ನಮೂದಿಸಲಿ. ಹೊಲದ ಒಡೆಯನಿಗೆ ಪರಿಹಾರ ಗೊತ್ತುಮಾಡಿದ ಬಳಿಕ ಜೆಸಿಬಿಗೆ ತಡೆ ಹಾಕಲಿ. ಇದು ತಹಶೀಲ್ದಾರ್ ಕಚೇರಿ ಮತ್ತು ಪುರಾತತ್ವ ಇಲಾಖೆ ಕೂಡಿ ಈ ಹಂಗಾಮಿನ ನಾಟಿಗೆ ಮುನ್ನ ಮುಗಿಸಬಹುದಾದ ಕೆಲಸ.