ಬೂದಿಯ ಖರ್ಚನ್ನೂ ಬರೆಯಿರಿ

ಶಕ್ತಿನಗರದ ಆಸುಪಾಸಿನ ಊರುಗಳಲ್ಲಿ ಬೇಸಿಗೆಯ ಗಾಳಿ ಎದ್ದರೆ ಹಾರುಬೂದಿಯೂ ಏಳುತ್ತದೆ. ಒಣಹಾಕಿದ ಬಟ್ಟೆ, ನೀರಿನ ಕೊಡ, ಹತ್ತಿಯ ಎಲೆ, ಎಲ್ಲದರ ಮೇಲೂ ಅದೇ ಪುಡಿ. 1985ರಿಂದ ಕಲ್ಲಿದ್ದಲು ಉರಿಸಿ ನಾಡಿಗೆ ಬೆಳಕು ಕೊಡುತ್ತಿರುವ ಇಲ್ಲಿನ ರಾಯಚೂರು ಶಾಖೋತ್ಪನ್ನ ಕೇಂದ್ರದ ಕರೆಂಟನ್ನು ನಾವು ಅಗ್ಗ ಎನ್ನುತ್ತೇವೆ. ಅಗ್ಗ ಯಾರಿಗೆ?

ನಮ್ಮ ಕಲ್ಲಿದ್ದಲಿನಲ್ಲಿ ಸುಮಾರು ಮೂರನೇ ಒಂದು ಪಾಲು ಬೂದಿ. ಒಂದು ಯೂನಿಟ್ಟಿಗೆ ಹೆಚ್ಚುಕಡಿಮೆ 700 ಗ್ರಾಂ ಕಲ್ಲಿದ್ದಲು ಉರಿಯಬೇಕು. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ 200 ಯೂನಿಟ್ ಪೂರ್ತಿ ಕಲ್ಲಿದ್ದಲಿನಿಂದಲೇ ಬಂದರೆ, ಒಂದು ಮನೆಯ ಒಂದು ತಿಂಗಳ ಬಾಬ್ತು ಹತ್ತಿರ ಹತ್ತಿರ ಒಂದು ಸಿಮೆಂಟ್ ಚೀಲದಷ್ಟು ಬೂದಿ. ಅದನ್ನು ನಮ್ಮ ಬಾಗಿಲಿಗೆ ಯಾರೂ ತಂದು ಸುರಿಯುವುದಿಲ್ಲ, ಅಷ್ಟೇ.

ಅನಿಲ ಸ್ಥಾವರದಲ್ಲಿ ಬೂದಿಯೇ ಇಲ್ಲ. ಯಲಹಂಕದ 370 ಮೆಗಾವ್ಯಾಟ್ ಸ್ಥಾವರದಂಥದ್ದು ಟರ್ಬೈನಿನಿಂದ ಹೊರಬೀಳುವ ಬಿಸಿಯಲ್ಲೇ ಮತ್ತೊಮ್ಮೆ ಉಗಿ ಎಬ್ಬಿಸಿ ಕರೆಂಟು ತೆಗೆಯುತ್ತದೆ. ಅದು ಬಿಡುವ ಇಂಗಾಲದ ಡೈಆಕ್ಸೈಡು ಕಲ್ಲಿದ್ದಲಿನದರ ಅರ್ಧವೂ ಇಲ್ಲ. ಆದರೂ ದೇಶದ ಅನಿಲ ಸ್ಥಾವರಗಳು ವರ್ಷದ ಬಹುಕಾಲ ನಿಂತೇ ಇರುತ್ತವೆ. ಕೃಷ್ಣಾ-ಗೋದಾವರಿ ಕೊಳ್ಳದ ಕಡಲಾಳದ ಅನಿಲ ನಂಬಿ ಹಲವನ್ನು ಕಟ್ಟಿದರು. ಎಣಿಸಿದಷ್ಟು ಅನಿಲ ಬರಲಿಲ್ಲ. ಹಡಗಿನಲ್ಲಿ ಬರುವುದಕ್ಕೆ ಡಾಲರ್ ತೆರಬೇಕು, 2022ರ ಯುಕ್ರೇನ್ ಯುದ್ಧದಲ್ಲಿ ಅದರ ಬೆಲೆ ಮುಗಿಲು ಮುಟ್ಟಿತು. ಕೊಳವೆಯಿಂದ ಸೋರುವ ಮೀಥೇನ್ ಕೂಡ ಭೂಮಿಯನ್ನು ಕಾಯಿಸುತ್ತದೆ. ಇದೆಲ್ಲವನ್ನೂ ಒಪ್ಪುತ್ತೇನೆ. ಆದರೆ ಯಾವ ಸ್ಥಾವರ ಮೊದಲು ಓಡಬೇಕೆಂದು ತೀರ್ಮಾನಿಸುವ ಮೆರಿಟ್ ಆರ್ಡರ್ ಪಟ್ಟಿಯಲ್ಲಿ ಇಂಧನದ ಬೆಲೆಯಿದೆ, ರೈಲು ಬಾಡಿಗೆಯಿದೆ. ಮಗುವಿನ ಕೆಮ್ಮಿಗೆ ಕಾಲಂ ಇಲ್ಲ.

ಶುದ್ಧ ಇಂಧನಕ್ಕೆಂದು 2010ರಲ್ಲಿ ಕಲ್ಲಿದ್ದಲಿನ ಮೇಲೆ ಟನ್ನಿಗೆ 50 ರೂಪಾಯಿ ಸೆಸ್ ಹಾಕಿದರು. 2016ರಲ್ಲಿ ಅದು 400 ಆಯಿತು, ಮರುವರ್ಷವೇ ಜಿಎಸ್‌ಟಿ ಪರಿಹಾರದ ಖಾತೆಗೆ ಹೋಯಿತು. ಗಂಧಕದ ಹೊಗೆ ತಡೆಯಲು 2015ರಲ್ಲಿ ನಿಯಮ ಬಂತು. ಗಡುವು ಮುಂದಕ್ಕೆ ಹೋಗುತ್ತ ಹೋಗುತ್ತ 2025ರ ಜುಲೈನಲ್ಲಿ ಬಹುಪಾಲು ಘಟಕಗಳಿಗೆ ವಿನಾಯಿತಿಯೇ ಸಿಕ್ಕಿತು. ಗಂಧಕ ಸೋಸದೆ ಆದ ಈ ಉಳಿತಾಯ ಯಾರ ಎದೆಗೂಡಿನಿಂದ ಬಂದದ್ದು?

ಬಂಧುಗಳೇ, ದರ ಪರಿಷ್ಕರಣೆಗೆ ಮುನ್ನ ವಿದ್ಯುತ್ ನಿಯಂತ್ರಣ ಆಯೋಗ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಪೈಸೆ ಏರಿತೆಂದು ಅಲ್ಲಿ ಜಗಳವಾಡುವ ಬಾಯಲ್ಲೇ ಕೇಳಿ: ಬೂದಿಹೊಂಡ ಹಸಿಯಾಗಿಡಲು, ಗಂಧಕ ಸೋಸಲು, ಸುತ್ತಲಿನ ಊರವರ ಶ್ವಾಸಕೋಶ ತಪಾಸಣೆಗೆ ಎಷ್ಟು ಹಣ ಇಟ್ಟಿದ್ದೀರಿ? ಸಾಲದಿದ್ದರೆ ನಮ್ಮ ಬಿಲ್ಲಿಗೆ ಸೇರಿಸಿ, ಕೊಡುತ್ತೇವೆ. ಬೆಂಗಳೂರು, ಮೈಸೂರಿನ ಬಳಕೆದಾರರು ಮೊದಲು ಎದ್ದು ನಿಂತು ಈ ಮಾತು ಹೇಳಬೇಕು. ಮುಂದಿನ ವಿಚಾರಣೆಗೆ ಅಹವಾಲು ಬರೆದುಕೊಂಡೇ ಬನ್ನಿ.